ಪ್ರಶ್ನೋತ್ತರ: ಅರವತ್ತೆಂಟು ಸಾವಿರ ಡಾಲರ್ ನುಂಗಿದ ಕಾರಿಗೆ ಬೆಲೆ ಎಷ್ಟು?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬಂದವು. ಹಳೇ ಫೋರ್ಡಿನ ಆಕಾರ, ಒಳಗೆ ಹೊಸ ಕಾಲದ ಎಂಜಿನ್ನು ಇರುವ ಕಾರಿಗೆ ಅಲ್ಲಿ ಸ್ಟ್ರೀಟ್ ರಾಡ್ ಎನ್ನುತ್ತಾರೆ. ಕಟ್ಟುವಾಗ ಯಾರೂ ನನಗೆ ಬರೆಯುವುದಿಲ್ಲ, ಮಾರುವಾಗ ಎಲ್ಲರೂ ಬರೆಯುತ್ತಾರೆ.

*

ಪ್ರಶ್ನೆ: ಮಿಷಿಗನ್ನಿನ ಟ್ರಾಯ್‌ನಲ್ಲಿದ್ದೇನೆ. ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಒಂಬತ್ತು ವರ್ಷದ ಶನಿವಾರ-ಭಾನುವಾರಗಳನ್ನೆಲ್ಲ ಗ್ಯಾರೇಜಿಗೆ ಸುರಿದು 1932ರ ಫೋರ್ಡ್ ರೋಡ್‌ಸ್ಟರ್ ಕಟ್ಟಿದ್ದೇನೆ. ಫೈಬರ್‌ಗ್ಲಾಸ್ ಬಾಡಿ, ಹೊಸ ಉಕ್ಕಿನ ಫ್ರೇಮು, ಶೆವ್ರೊಲೆ 350 ಎಂಜಿನ್, ಆಟೊಮ್ಯಾಟಿಕ್ ಗೇರು, ಹಿಂದೆ ಫೋರ್ಡ್ 9 ಇಂಚಿನ ಆಕ್ಸಲ್. ರಸೀದಿ ಕೂಡಿಸಿದರೆ 68 ಸಾವಿರ ಡಾಲರ್, ನನ್ನ ಕೂಲಿ ಬಿಟ್ಟು. ಮಗಳ ಊರಾದ ಟೆಕ್ಸಸ್‌ಗೆ ಹೋಗುತ್ತಿದ್ದೇವೆ, ಅಲ್ಲಿ ಇದಕ್ಕೆ ಜಾಗವಿಲ್ಲ. 75 ಸಾವಿರ ಕೇಳಬಹುದೆ? ಕಾಗದದ ತೊಂದರೆಯೇನೂ ಇಲ್ಲ. ಸ್ವಾಪ್ ಮೀಟ್ ಎಂಬ ಹಳೇ ಬಿಡಿಭಾಗಗಳ ಸಂತೆಯಲ್ಲಿ ಒಂದು ಹಳೇ ಟೈಟಲ್ (ಮಾಲೀಕತ್ವದ ಕಾಗದ) ಮತ್ತು ನಂಬರಿನ ತಗಡು ಕೊಂಡು, ಅದನ್ನು ಫ್ರೇಮಿಗೆ ರಿವೆಟ್ ಹೊಡೆದು, ‘1932 ಫೋರ್ಡ್’ ಎಂದೇ ನೋಂದಾಯಿಸಿದ್ದೇನೆ. ನನ್ನಾಕೆ ‘ಮಾರೋದೇಕೆ, ಮೈಸೂರಿಗೇ ಕಳಿಸಿಬಿಡೋಣ’ ಎನ್ನುತ್ತಾಳೆ.

ಉತ್ತರ: ಸ್ವಾಮೀ, ಬೆಲೆಯ ಮಾತು ಆಮೇಲೆ. ‘ಕಾಗದದ ತೊಂದರೆಯೇನೂ ಇಲ್ಲ’ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೊಂದೇ ವಾಕ್ಯ.

1932ರಲ್ಲಿ ಫೋರ್ಡ್ ಕಂಪನಿ ಆ ಕಾರಿನ ಫ್ರೇಮಿಗೆ ನಂಬರಿನ ತಗಡನ್ನು ಹೊಡೆಯುತ್ತಿರಲಿಲ್ಲ. ಎಡಗಡೆಯ ಫ್ರೇಮಿನ ಮೇಲ್ಮೈಗೇ ಅಚ್ಚು ಕುಟ್ಟುತ್ತಿದ್ದರು. ವಿ8 ಕಾರಾದರೆ ಆ ಸಂಖ್ಯೆ 18ರಿಂದ ಶುರುವಾಗುತ್ತಿತ್ತು. ಹಾಗಾಗಿ ಈ ಕಾರುಗಳನ್ನು ಬಲ್ಲವನು ಬಾನೆಟ್ ಎತ್ತುವ ಮೊದಲೇ ನಿಮ್ಮ ರಿವೆಟ್ ನೋಡಿ ನಕ್ಕುಬಿಡುತ್ತಾನೆ. ಪೊಲೀಸರು ನಗುವುದಿಲ್ಲ. ವಾಹನದ ಗುರುತಿನ ಸಂಖ್ಯೆಯನ್ನು ಕಿತ್ತು ಬದಲಿಸುವುದು ಅಮೆರಿಕದ ಕೇಂದ್ರ ಕಾನೂನಿನಲ್ಲೂ ಅಪರಾಧ. ಕ್ಯಾನ್ಸಸ್‌ನಲ್ಲಿ 2017ರಲ್ಲಿ 1959ರ ಕಾರ್ವೆಟ್ ಒಂದನ್ನು ಇಂಥದೇ ಕಾರಣಕ್ಕೆ ವಶಪಡಿಸಿಕೊಂಡರು. ಅದು ಅಸಲಿ ಕಾರೇ. ದುರಸ್ತಿಯ ವೇಳೆ ಯಾರೋ ನಂಬರಿನ ತಗಡು ಬಿಚ್ಚಿ ಮತ್ತೆ ಹಾಕಿದ್ದರು, ಅಷ್ಟೆ. ಕೊಂಡಾತ ಏನೂ ಅರಿಯದವ. ಆದರೂ ಕಾರು ಜಜ್ಜಿಹಾಕುವ ಯಂತ್ರಕ್ಕೆ ಹೋಗುವುದರಲ್ಲಿತ್ತು. ಅದನ್ನು ಬಿಡಿಸಲು ವರ್ಷಗಳೇ ಹಿಡಿದವು, 2022ರಲ್ಲಿ ಆ ರಾಜ್ಯ ಕಾನೂನನ್ನೇ ತಿದ್ದಬೇಕಾಯಿತು. ಅಸಲಿಗೇ ಆ ಗತಿ ಬಂದಿದೆ, ಇನ್ನು ನಿಮ್ಮ ಕಾರಿನಲ್ಲಿ 1932ರದ್ದೆನ್ನಲು ಒಂದು ಬೋಲ್ಟೂ ಇಲ್ಲ.

ಆದ್ದರಿಂದ ಜಾಹೀರಾತು ಕೊಡುವ ಮೊದಲು ವಾಹನದ ಟೈಟಲ್ ವ್ಯವಹಾರ ಬಲ್ಲ ಒಬ್ಬ ವಕೀಲರನ್ನು ಕಾಣಿ. ನೇರವಾಗಿ ನೋಂದಣಿ ಕಚೇರಿಗೆ ಹೋಗಿ ಎಲ್ಲ ಒಪ್ಪಿಸಿಬಿಡಬೇಡಿ, ಮೊದಲು ವಕೀಲರು. ಬಿಡಿಭಾಗ ಕೂಡಿಸಿ ಕಟ್ಟಿದ ವಾಹನಕ್ಕೆ ಮಿಷಿಗನ್ನಿನಲ್ಲಿ ‘ಅಸೆಂಬಲ್ಡ್’ ಎಂಬ ಟೈಟಲ್ ಸಿಗುತ್ತದೆ. ಪೊಲೀಸ್ ಅಧಿಕಾರಿ ವಾಹನ ನೋಡಬೇಕು, ರಸೀದಿಗಳನ್ನು ಒಪ್ಪಿಸಬೇಕು. ರಸೀದಿ ನಿಮ್ಮಲ್ಲಿವೆ, ಅದೇ ಪುಣ್ಯ. ‘ಅಸೆಂಬಲ್ಡ್ ಅಂದರೆ ಬೆಲೆ ಬಿದ್ದುಹೋಗುತ್ತದಲ್ಲ’ ಎನ್ನುತ್ತೀರಿ. ಬೀಳುತ್ತದೆ, ಆದರೆ ಸ್ವಲ್ಪ. ಸುಳ್ಳು ಟೈಟಲ್‌ನ ಕಾರನ್ನು ತಿಳಿದೂ ಮಾರಿದರೆ ಕಾರು, ಹಣ ಎರಡೂ ಹೋಗಿ ಮೇಲೆ ದಾವೆ ಬೀಳುತ್ತದೆ. ‘ಇದ್ದದ್ದು ಇದ್ದಂತೆ’ ಎಂದು ಬರೆಸಿಕೊಂಡರೂ ಮೋಸಕ್ಕೆ ಆ ಮಾತು ಕವಚವಾಗುವುದಿಲ್ಲ. ಇನ್ನೊಂದು ಸಣ್ಣ ಸಂಗತಿಯಿದೆ. ಹೊಸ ಟೈಟಲ್‌ನಲ್ಲಿ ಮಾದರಿ ವರ್ಷ 2011 ಅಥವಾ ಆಮೇಲಿನದು ಎಂದು ಬಂದರೆ, ಮಾರುವಾಗ ಎಷ್ಟು ಮೈಲಿ ಓಡಿದೆ ಎಂಬ ಘೋಷಣೆಯನ್ನೂ ಬರೆದುಕೊಡಬೇಕು. ಹಳೇ ಕಾರುಗಳಿಗೆ ಆ ರಗಳೆಯಿಲ್ಲ.

ಇನ್ನು ಬೆಲೆ. 75 ಸಾವಿರ ಬರುವುದಿಲ್ಲ, 68 ಸಾವಿರವೂ ಬರುವುದಿಲ್ಲ. ಕಾಗದ ಸರಿಮಾಡಿಕೊಂಡ ಮೇಲೆ, ಬಣ್ಣ ಮತ್ತು ವೈರಿಂಗ್ ಚೆನ್ನಾಗಿದ್ದರೆ, ನನ್ನ ಅಂದಾಜು 35ರಿಂದ 40 ಸಾವಿರ. ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಅಳತೆಗೆ, ನಿಮ್ಮ ರುಚಿಗೆ ಹೊಲಿಸಿದ ಸೂಟನ್ನು ಇನ್ನೊಬ್ಬನಿಗೆ ಮಾರುತ್ತಿದ್ದೀರಿ. ಆತನಿಗೆ ಸೀಟಿನ ಕೆಂಪು ಚರ್ಮ ಹಿಡಿಸದೆ ಇರಬಹುದು. ನೀವು ಅದಕ್ಕೆ ಕೊಟ್ಟ ದುಡ್ಡು ಅವನ ಪಾಲಿಗೆ ಕಳೆಯುವ ಲೆಕ್ಕ, ಏಕೆಂದರೆ ಅವನು ಅದನ್ನು ಕಿತ್ತು ಬೇರೆ ಹಾಕಿಸಬೇಕು. ಈ ಸಂತೆಯಲ್ಲಿ ದೊಡ್ಡ ಬೆಲೆ ಬರುವುದು ‘ಹೆನ್ರಿ ಫೋರ್ಡ್ ಸ್ಟೀಲ್’ಗೆ, ಎಂದರೆ 1932ರಲ್ಲೇ ಕಾರ್ಖಾನೆಯಿಂದ ಬಂದ ಅಸಲಿ ತಗಡಿನ ಬಾಡಿಗೆ. ಅದಾದ ಮೇಲೆ ಓಹಾಯೋದ ಬ್ರೂಕ್‌ವಿಲ್ ಮುಂತಾದವರು ಹೊಸದಾಗಿ ಒತ್ತಿದ ಉಕ್ಕಿನ ಬಾಡಿ. ಫೈಬರ್‌ಗ್ಲಾಸ್ ಮೂರನೆಯ ಪಂಕ್ತಿ. ಈ ಕಾರುಗಳಿಗಾಗಿ ಜೀವ ಬಿಡುತ್ತಿದ್ದ ತಲೆಮಾರಿಗೂ ಈಗ ನಮ್ಮ ಹಾಗೆ ಮಂಡಿ ನೋವು. ಅಷ್ಟು ಕೆಳಗಿನ ಸೀಟಿಗೆ ಇಳಿದು ಹತ್ತುವುದು ಅವರಿಗೆ ಕಷ್ಟ, ಅವರ ಮಕ್ಕಳಿಗೆ ಬೇರೆ ಕಾರುಗಳ ಹುಚ್ಚು. ನಷ್ಟವನ್ನು ಆದಾಯ ತೆರಿಗೆಯಲ್ಲಿ ತೋರಿಸೋಣ ಎಂದುಕೊಂಡಿದ್ದರೆ ಅದೂ ಆಗದು. ಸ್ವಂತ ಬಳಕೆಯ ವಸ್ತುವಿನ ಮೇಲೆ ಲಾಭವಾದರೆ ತೆರಿಗೆ ಕೇಳುತ್ತಾರೆ, ನಷ್ಟವಾದರೆ ‘ನಿಮ್ಮ ಶೋಕಿ’ ಎನ್ನುತ್ತಾರೆ.

ಆದರೆ ಬೆಲೆ ಹೆಚ್ಚಿಸುವ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ, ದುಡ್ಡೂ ಬೇಡ. ಒಂದು ಫೈಲು ಮಾಡಿ.

ಕೊಂಡವನು ಆರು ತಿಂಗಳ ಮೇಲೆ ಬ್ರೇಕ್ ಪ್ಯಾಡ್ ತರಲು ಬಿಡಿಭಾಗದ ಅಂಗಡಿಗೆ ಹೋಗುತ್ತಾನೆ ಎಂದುಕೊಳ್ಳಿ. ಕೌಂಟರಿನ ಹುಡುಗ ‘ಯಾವ ವರ್ಷ, ಯಾವ ಕಂಪನಿ, ಯಾವ ಮಾಡೆಲ್ಲು’ ಎಂದು ಕೇಳುತ್ತಾನೆ. ‘1932 ಫೋರ್ಡ್’ ಎಂದರೆ ಸಿಗುವುದು ಏನೂ ಇಲ್ಲ. ಮುಂದಿನ ಬ್ರೇಕು ಜನರಲ್ ಮೋಟಾರ್ಸಿನ ಯಾವುದೋ ಕಾರಿನದು, ಸ್ಟಿಯರಿಂಗ್ ಬಾಕ್ಸು ಬಹುಶಃ ಎಪ್ಪತ್ತರ ದಶಕದ ಶೆವ್ರೊಲೆ ವೇಗಾದ್ದು, ಹಿಂದಿನ ಆಕ್ಸಲ್ ಯಾವುದೋ ಫೋರ್ಡ್ ಪಿಕಪ್ಪಿನದು, ರೇಡಿಯೇಟರ್ ಹೋಸು ನೀವು ಅಂಗಡಿಯ ಗೋಡೆಗೆ ನೇತುಹಾಕಿದ್ದ ಹತ್ತರಲ್ಲಿ ಬಾಗು ನೋಡಿ ಆರಿಸಿದ್ದು. ಇದೆಲ್ಲ ಈಗ ನಿಮ್ಮ ತಲೆಯಲ್ಲಿದೆ, ಆ ತಲೆ ಟೆಕ್ಸಸ್‌ಗೆ ಹೊರಟಿದೆ. ಬೆಲ್ಟಿನ ನಂಬರು, ಫಿಲ್ಟರಿನ ನಂಬರು, ಬೇರಿಂಗ್, ಸೀಲು, ಯಾವ ವೈರು ಯಾವ ಫ್ಯೂಸಿನಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ, ಬಾಡಿ ಕೂರಿಸುವ ಮೊದಲು ತೆಗೆದ ಬರಿ ಫ್ರೇಮಿನ ಫೋಟೊ, ವೆಲ್ಡಿಂಗ್ ಕಾಣುವ ಫೋಟೊ ಎಲ್ಲ ಸೇರಿಸಿ. ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಕಾರನ್ನು ನೋಡಿದಾಗ ಕೊಳ್ಳುವವನ ಮನಸ್ಸಿನಲ್ಲಿ ಇರುವುದು ಒಂದೇ ಭಯ, ಇವನು ವೆಲ್ಡಿಂಗ್ ಹೇಗೆ ಮಾಡಿದ್ದಾನೋ ಎಂಬುದು. ಬಣ್ಣದ ಹೊಳಪು ಆ ಭಯವನ್ನು ಹೆಚ್ಚಿಸುತ್ತದೆ, ಫೈಲು ಇಳಿಸುತ್ತದೆ. ಒಂದೇ ಥರದ ಎರಡು ಕಾರಿನಲ್ಲಿ ಕಡಿಮೆ ಹೊಳೆಯುತ್ತಿದ್ದ, ದಪ್ಪ ಫೈಲು ಇದ್ದ ಕಾರು ಮೊದಲು ಹೋದದ್ದನ್ನು ನಾನೇ ನೋಡಿದ್ದೇನೆ.

ಜಾಹೀರಾತಿನಲ್ಲಿ ದೋಷಗಳನ್ನು ನೀವೇ ಬರೆಯಿರಿ. ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆಯೆ, ಬಾಗಿಲು ಸರಿಯಾಗಿ ಕೂರುವುದಿಲ್ಲವೆ, ಬರೆಯಿರಿ. ರಾತ್ರಿಯೆಲ್ಲ ತಣ್ಣಗಿದ್ದ ಎಂಜಿನನ್ನು ಬೆಳಿಗ್ಗೆ ಚಾಲೂ ಮಾಡುವ ವಿಡಿಯೊ, ಕಾರಿನ ಹೊಟ್ಟೆಯ ಕೆಳಗಿನ ಫೋಟೊ ಇವೆರಡನ್ನು ಕೊಟ್ಟರೆ ಕಾಲಹರಣಕ್ಕೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಎಲ್ಲಿ ಮಾರುವುದು ಎಂದರೆ ಹರಾಜು ಬೇಡ ಎನ್ನುತ್ತೇನೆ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಜನವರಿಯಲ್ಲಿ ನಡೆಯುವ ಬ್ಯಾರೆಟ್-ಜಾಕ್ಸನ್ ಹರಾಜನ್ನು ಟಿವಿಯಲ್ಲಿ ನೋಡಿದವರಿಗೆ ಅಲ್ಲಿಯ ಬೆಲೆ ಕಣ್ಣಿಗೆ ಕಟ್ಟಿರುತ್ತದೆ. ಅವು ಹೆಸರಾಂತ ಕಟ್ಟುಗಾರರ ಕಾರುಗಳು. ಅಲ್ಲಿ ಬಹುಪಾಲು ಕಾರು ಕನಿಷ್ಠ ಬೆಲೆಯ ಕಟ್ಟಿಲ್ಲದೆ ಹೋಗುತ್ತವೆ; ಆ ಹೊತ್ತಿಗೆ ಸಭೆಯಲ್ಲಿ ಇಬ್ಬರು ಮನಸ್ಸು ಮಾಡದಿದ್ದರೆ ನಿಮ್ಮ ಒಂಬತ್ತು ವರ್ಷ ಮೂರು ನಿಮಿಷದಲ್ಲಿ ಅರ್ಧ ಬೆಲೆಗೆ ಹೋಗಿಬಿಡುತ್ತದೆ. ಮಾರುವವನಿಂದ ಕಮಿಷನ್, ಕೊಳ್ಳುವವನಿಂದ ಪ್ರೀಮಿಯಂ; ಕೂಗುವವನು ತನ್ನ ಪ್ರೀಮಿಯಂ ಕಳೆದೇ ಕೂಗುತ್ತಾನೆ, ಕಮಿಷನ್ ನಿಮ್ಮ ಕೈಗೆ ಬರುವುದರಲ್ಲಿ ಕಳೆಯುತ್ತದೆ. ನಿಮ್ಮೂರಿನ ಪಕ್ಕದಲ್ಲೇ ಇದಕ್ಕಿಂತ ಒಳ್ಳೆಯ ಸಂತೆಯಿದೆ. ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಡ್ರೀಮ್ ಕ್ರೂಸ್ ನಡೆಯುತ್ತದೆ, 1995ರಿಂದ. ಆ ದಿನದ ಗದ್ದಲದಲ್ಲಿ ವ್ಯಾಪಾರ ಕುದುರುವುದಿಲ್ಲ. ಆದರೆ ಅದರ ಹಿಂದಿನ ವಾರವೆಲ್ಲ ಸಂಜೆ ಸಂಜೆ ಜನ ಕುರ್ಚಿ ಹಾಕಿಕೊಂಡು ರಸ್ತೆ ಬದಿ ಕೂತಿರುತ್ತಾರೆ. ಅಲ್ಲಿ ನಿಲ್ಲಿಸಿ, ಗಾಜಿಗೆ ಒಂದು ಚೀಟಿ ಅಂಟಿಸಿ, ಪಕ್ಕದಲ್ಲಿ ಫೈಲು ಹಿಡಿದು ಕೂತುಕೊಳ್ಳಿ. ನವೆಂಬರಿನಲ್ಲಿ ಮಾತ್ರ ಮಿಷಿಗನ್ನಿನಲ್ಲಿ ಇಂಥ ಕಾರು ಮಾರಲು ಹೋಗಬೇಡಿ. ಹಿಮ ಬಿದ್ದ ಮೇಲೆ ಬರುವ ಗಿರಾಕಿ ಚೌಕಾಸಿಗೆಂದೇ ಬರುತ್ತಾನೆ.

ಕೊಂಡವನ ಜೊತೆ ವಾಹನ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ನೀವೂ ಹೋಗಿ ಟೈಟಲ್ ವರ್ಗ ಮಾಡಿಸಿ. ಮತ್ತು ದಯವಿಟ್ಟು ನಂಬರ್ ಪ್ಲೇಟು ಬಿಚ್ಚಿಕೊಳ್ಳಿ, ಮಿಷಿಗನ್ನಿನಲ್ಲಿ ಅದು ಕಾರಿನದಲ್ಲ, ನಿಮ್ಮದು. ನಾನು ಅಲ್ಲಿದ್ದಾಗ ಒಂದು ಹಳೇ ಶೆವ್ರೊಲೆ ಪಿಕಪ್ಪು ಮಾರಿ, ಕೊಂಡವನ ಮೇಲಿನ ಮರ್ಯಾದೆಗೆ ಪ್ಲೇಟು ಬಿಟ್ಟುಕೊಟ್ಟೆ. ನಾಲ್ಕು ತಿಂಗಳು ನಾನು ಕಾಲಿಡದ ಊರುಗಳಿಂದ ಪಾರ್ಕಿಂಗ್ ದಂಡದ ಚೀಟಿಗಳು ನನ್ನ ಮನೆಗೆ ಬಂದವು.

ಇನ್ನು ಮೈಸೂರು. ನಿಮ್ಮಾಕೆಗೆ ಹೇಳಿ, ಆಗದು. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಮೂರು ವರ್ಷದೊಳಗಿನದಾಗಿರಬೇಕು, ಬಲಗಡೆ ಸ್ಟಿಯರಿಂಗ್ ಇರಬೇಕು. ವಿಂಟೇಜ್ ಎಂಬ ಬಾಗಿಲಿನಿಂದ ತರೋಣವೆಂದರೆ, 2021ರ ನಿಯಮದಂತೆ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ನಿಮ್ಮದು ಹಳೆಯ ವೇಷದ ಹೊಸ ಕಾರು.

*

ಪ್ರಶ್ನೆ: ನಮ್ಮ ಯಜಮಾನರು ಹೋಗಿ ಮೂರು ವರ್ಷವಾಯಿತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಗ್ಯಾರೇಜಿನಲ್ಲಿ ಅವರ 1940ರ ಫೋರ್ಡ್ ಕೂಪೆ ನಿಂತಿದೆ. ಬಾಡಿ ಹಳೆಯ ತಗಡೇ, ಎಂಜಿನ್ ಬೇರೆ ಹಾಕಿಸಿದ್ದರು. ಅಂದಿನಿಂದ ಚಾಲೂ ಮಾಡಿಲ್ಲ. ಪಕ್ಕದ ಮನೆಯವರು 12 ಸಾವಿರ ಡಾಲರ್ ಕೊಡುತ್ತೇನೆ, ನಿಮಗೊಂದು ಉಪಕಾರವಾಗುತ್ತದೆ ಎನ್ನುತ್ತಿದ್ದಾರೆ. ಕೊಟ್ಟುಬಿಡಲೆ?

ಉತ್ತರ: ಕೊಡಬೇಡಿ ಅಮ್ಮ. ಉಪಕಾರ ಎಂದು ಹೇಳಿಕೊಂಡು ಬರುವ ಬೆಲೆಗೆ ಒಂದು ತಿಂಗಳು ಕಾಯುವ ತಾಳ್ಮೆ ಇರುತ್ತದೆ, ಕಾಯಲಿ. 1940ರ ಕೂಪೆ ಈ ಲೋಕದಲ್ಲಿ ಬಹಳ ಬೇಡಿಕೆಯ ಆಕಾರ, ಅದರಲ್ಲೂ ಮೂಲ ತಗಡು.

ಮೊದಲು ಯಾರೇ ಬಂದು ‘ಬ್ಯಾಟರಿ ಕೊಟ್ಟು ಒಮ್ಮೆ ಚಾಲೂ ಮಾಡಿ ನೋಡೋಣ’ ಎಂದರೂ ಬೇಡವೆನ್ನಿ. ಎಥನಾಲ್ ಬೆರೆತ ಪೆಟ್ರೋಲು ಮೂರು ವರ್ಷ ನಿಂತರೆ ನೀರು ಹೀರಿಕೊಂಡು ಕೊಳೆತ ಬಣ್ಣದಂತಾಗುತ್ತದೆ. ಬ್ರೇಕಿನ ಎಣ್ಣೆಯೂ ತೇವ ಕುಡಿಯುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಹಾಗೇ ಓಡಿಸಿದರೆ ಎಂಜಿನ್ನು ಕೆಡಬಹುದು, ಅದಕ್ಕಿಂತ ಹೆಚ್ಚಾಗಿ ಅಂಗಳದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗಬಹುದು. ಟ್ಯಾಂಕು ಬರಿದು ಮಾಡಿಸಿ, ಬ್ರೇಕು ನೋಡಿಸಿ, ಆಮೇಲೆ ಚಾಲೂ. ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್ನಿನವರು ಇಂಥ ಕಾರುಗಳಿಗೆ 23 ಅಂಶಗಳ ಸುರಕ್ಷತಾ ತಪಾಸಣೆ ಮಾಡುತ್ತಾರೆ. ಆ ಪಟ್ಟಿ ನಿಮ್ಮ ಮೆಕ್ಯಾನಿಕ್ಕಿಗೂ ದಾರಿ ತೋರಿಸುತ್ತದೆ.

ಟೈಟಲ್ ಇನ್ನೂ ಯಜಮಾನರ ಹೆಸರಿನಲ್ಲಿದ್ದರೆ ತೀರಿಕೊಂಡವರ ಆಸ್ತಿಯ ವ್ಯವಹಾರ ನೋಡುವ ಕೌಂಟಿಯ ಸರೊಗೇಟ್ ಕಚೇರಿಯಿಂದ ಪತ್ರ ಪಡೆದು ಮರಣ ಪ್ರಮಾಣಪತ್ರದ ಜೊತೆ ಮೋಟಾರ್ ವೆಹಿಕಲ್ ಕಮಿಷನ್ನಿಗೆ ಕೊಡಬೇಕು. ಸಂಸಾರದ ವಕೀಲರಿದ್ದರೆ ಒಂದೇ ಓಡಾಟದ ಕೆಲಸ. ಹಾಗೆಯೇ ಹಳೇ ಕಾರುಗಳ ಮೌಲ್ಯ ಕಟ್ಟುವವರೊಬ್ಬರನ್ನು ಕರೆಸಿ ಬರಹದಲ್ಲಿ ಬೆಲೆ ಪಡೆಯಿರಿ. ಕೊಳ್ಳುವ ಆಸೆ ಇಲ್ಲದವರಾಗಿರಲಿ, ಶುಲ್ಕ ಕೊಟ್ಟು ಕರೆಸಿ. ಯಜಮಾನರು ತೀರಿಕೊಂಡ ದಿನ ಕಾರಿಗೆ ಎಷ್ಟು ಬೆಲೆಯಿತ್ತು ಎಂಬುದನ್ನೂ ಅದರಲ್ಲಿ ಬರೆಸಿ. ಅವರ ಪಾಲಿನ ಮಟ್ಟಿಗೆ ತೆರಿಗೆಯವರು ಲಾಭ ಎಣಿಸುವುದು ಆ ಬೆಲೆಯಿಂದ ಮುಂದಕ್ಕೆ.

ಮತ್ತೊಂದು. ಗ್ಯಾರೇಜಿನ ಕಪಾಟಿನಲ್ಲಿ, ಡಬ್ಬಗಳಲ್ಲಿ ಇರುವುದನ್ನು ಹಳೇ ಕಬ್ಬಿಣ ಎಂದು ಎಸೆಯಬೇಡಿ. ಕಾರಿನಿಂದ ಬಿಚ್ಚಿಟ್ಟ ಮೂಲ ಭಾಗಗಳಿದ್ದರೆ ಅವಕ್ಕೂ ಬೆಲೆಯಿದೆ. ಅವರ ಕೈಬರಹದ ನೋಟ್‌ಪುಸ್ತಕ ಸಿಕ್ಕರೆ ಕೊಳ್ಳುವವರಿಗೆ ನಕಲು ಕೊಡಿ, ಅಸಲು ನಿಮ್ಮಲ್ಲೇ ಇರಲಿ.

*

ಪ್ರಶ್ನೆ: ನನ್ನ ಸ್ಟ್ರೀಟ್ ರಾಡ್‌ಗೆ ದೂರದ ಊರಿನವರೊಬ್ಬರು ನೋಡದೆಯೇ ಕೇಳಿದ ಬೆಲೆ ಒಪ್ಪಿದ್ದಾರೆ. ಬ್ಯಾಂಕಿನ ಕ್ಯಾಷಿಯರ್ ಚೆಕ್ ಕಳಿಸುತ್ತಾರಂತೆ, ಲಾರಿಯವನಿಗೆ ಕೊಡಲು ಎರಡು ಸಾವಿರ ಡಾಲರ್ ಹೆಚ್ಚಿಗೆ ಸೇರಿಸಿ. ಆ ಎರಡು ಸಾವಿರವನ್ನು ನಾನು ಲಾರಿಯವನಿಗೆ ರವಾನಿಸಬೇಕಂತೆ. — ಷಾರ್ಲಟ್, ನಾರ್ತ್ ಕ್ಯಾರೊಲೈನಾ

ಉತ್ತರ: ಕಳ್ಳ. ಚೆಕ್ ನಕಲಿ. ನಿಮ್ಮ ಖಾತೆಯಲ್ಲಿ ಎರಡು ದಿನಕ್ಕೆ ಹಣ ಕಾಣಿಸುತ್ತದೆ, ನೀವು ನಂಬಿ ಎರಡು ಸಾವಿರ ಕಳಿಸುತ್ತೀರಿ, ವಾರ ಕಳೆದ ಮೇಲೆ ಬ್ಯಾಂಕಿನವರು ಚೆಕ್ ಸುಳ್ಳೆಂದು ಪೂರ್ತಿ ಹಣ ವಾಪಸ್ ಕಿತ್ತುಕೊಳ್ಳುತ್ತಾರೆ. ಲಾರಿಯೂ ಬರುವುದಿಲ್ಲ. ಖಾತೆಯಲ್ಲಿ ಕಾಣಿಸುವುದೇ ಬೇರೆ, ಚೆಕ್ ನಿಜಕ್ಕೂ ಪಾಸಾಗುವುದೇ ಬೇರೆ. ಅಸಲಿ ಗಿರಾಕಿಯಾದರೆ ಚೆಕ್ ಕೊಟ್ಟ ಬ್ಯಾಂಕಿನ ಶಾಖೆಯಲ್ಲೇ ಭೇಟಿಯಾಗಿ, ನಿಮ್ಮ ಕಣ್ಣೆದುರು ಚೆಕ್ ಬರೆಸಲಿ. ಇಲ್ಲವೆ ವೈರ್ ಮಾಡಲಿ. ನಿಮ್ಮ ಬ್ಯಾಂಕಿಗೆ ನೀವೇ ಫೋನು ಮಾಡಿ ಖಚಿತಪಡಿಸಿಕೊಳ್ಳುವವರೆಗೆ ಕೀಲಿಕೈ ಜೇಬಿನಲ್ಲಿರಲಿ.

*

ಪ್ರಶ್ನೆ: ಒಳ್ಳೇ ಪುರಾತನ ಕಾರನ್ನು ಕತ್ತರಿಸಿ ಹಾಳುಮಾಡುವುದು ಕಲೆಯೆ? — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕತ್ತರಿಸಿದಾಗ ಅವು ಪುರಾತನವಾಗಿರಲಿಲ್ಲ ಮಗೂ, ಬರೀ ಹಳೇ ಕಾರುಗಳು. 1932ರಲ್ಲಿ ಫೋರ್ಡ್ ಕಂಪನಿ 65 ಕುದುರೆ ಶಕ್ತಿಯ ವಿ8 ಎಂಜಿನನ್ನು 500 ಡಾಲರಿಗೂ ಕಡಿಮೆ ಬೆಲೆಯ ರೋಡ್‌ಸ್ಟರಿನಲ್ಲಿ ಕೂರಿಸಿತು. ಸಾಮಾನ್ಯರ ಕೈಗೆ ವಿ8 ಸಿಕ್ಕಿದ್ದು ಆಗಲೇ. ಕೆಲವೇ ವರ್ಷಗಳಲ್ಲಿ ಅವು ಸೆಕೆಂಡ್ ಹ್ಯಾಂಡ್ ಆಗಿ ಕ್ಯಾಲಿಫೋರ್ನಿಯಾದ ಹುಡುಗರ ಕೈಗೆ ಬಂದವು. ಮಡ್‌ಗಾರ್ಡ್ ಕಿತ್ತರು, ತೂಕ ಇಳಿಸಿದರು, ಮುರಾಕ್ ಎಂಬ ಒಣಗಿದ ಕೆರೆಯಂಗಳದಲ್ಲಿ ಓಡಿಸಿದರು. ಆ ಜಾಗ ಈಗ ಎಡ್ವರ್ಡ್ಸ್ ವಾಯುನೆಲೆ. 1937ರಲ್ಲಿ ಅವರದೇ ಸಂಘ ಹುಟ್ಟಿತು, 1948ರಲ್ಲಿ ಹಾಟ್ ರಾಡ್ ಎಂಬ ಪತ್ರಿಕೆ ಬಂತು, 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿಗೂ ಹೋದರು. ರಸ್ತೆಯಲ್ಲಿ ಹಾಯಾಗಿ ಓಡಿಸಲು ಕಟ್ಟಿದ್ದಕ್ಕೆ ಸ್ಟ್ರೀಟ್ ರಾಡ್ ಎಂದು ಹೆಸರಾಯಿತು. 1970ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಅವುಗಳ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. 1948ರವರೆಗಿನ ಕಾರಾದರೆ ಮಾತ್ರ ಸ್ಟ್ರೀಟ್ ರಾಡ್ ಎಂಬ ಗೆರೆ ಆ ಕಾಲದಿಂದ ರೂಢಿಗೆ ಬಂತು.

ಇವತ್ತು ಮೂಲ ಸ್ಥಿತಿಯಲ್ಲಿ ಸಿಕ್ಕ ಅಸಲಿ 1932ರ ಕಾರನ್ನು ಕತ್ತರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಮೇಲಿನ ಟ್ರಾಯ್‌ನವರಂತೆ ಫೈಬರ್‌ಗ್ಲಾಸಿನಲ್ಲಿ ಕಟ್ಟಿಕೊಂಡರೆ ಯಾವ ಪುರಾತನಕ್ಕೂ ಗಾಯವಿಲ್ಲ.

*

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಪಕ್ಕದ ರಾಜ್ಯದಲ್ಲಿ ಇನ್ನೂ ನೋಂದಣಿಯಾಗದ ಒಂದು ಕಿಟ್ ರೋಡ್‌ಸ್ಟರ್ ಅಗ್ಗಕ್ಕೆ ಬಂದಿದೆ. ಕೊಳ್ಳಲೆ?

ಉತ್ತರ: ನಿಮ್ಮ ರಾಜ್ಯದ ಎಸ್‌ಬಿ 100 ಎಂಬ ಕಾನೂನು ಓದದೆ ಮುಂಗಡ ಕೊಡಬೇಡಿ. ಹೀಗೆ ವಿಶೇಷವಾಗಿ ಕಟ್ಟಿದ ವಾಹನಗಳಲ್ಲಿ ವರ್ಷಕ್ಕೆ 500ಕ್ಕೆ ಮಾತ್ರ ಹೊಗೆ ತಪಾಸಣೆಯ ಮಟ್ಟಿಗೆ ‘ನೋಡಲು ಹೋಲುವ ವರ್ಷ’ವನ್ನು ಆಯ್ದುಕೊಳ್ಳುವ ಅವಕಾಶವಿದೆ. ಆ 500ರಲ್ಲಿ ಜಾಗ ಸಿಕ್ಕರೆ 1932ರ ಆಕಾರದ ಕಾರಿಗೆ ಹೊಗೆಯ ಕಾಟವಿಲ್ಲ. ಸಿಗದಿದ್ದರೆ ಆ ಅವಕಾಶಕ್ಕೆ ಮುಂದಿನ ಜನವರಿಯವರೆಗೆ ಕಾಯಬೇಕು. ‘ಅಗ್ಗ’ದ ಕಾರಣ ಬಹುಶಃ ಅದೇ.

*

ಪ್ರಶ್ನೆ: ಬೆಂಗಳೂರಿನಲ್ಲಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ, ಮಾರುತಿ ಜಿಪ್ಸಿ ಷಾಸಿಯ ಮೇಲೆ ಮೂವತ್ತರ ದಶಕದ ಬಾಡಿ ಕೂರಿಸಿದ ‘ವಿಂಟೇಜ್’ ಕಾರು ಆರು ಲಕ್ಷಕ್ಕೆ ಸಿಗುತ್ತಿದೆ. ಆರ್‌ಸಿಯಲ್ಲಿ ಜಿಪ್ಸಿ ಎಂದೇ ಇದೆ. ಪರವಾಗಿಲ್ಲವೆ?

ಉತ್ತರ: ಪರವಾಗಿದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕ ಮಾಡಿಸಿದ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಮೆರವಣಿಗೆಯಲ್ಲಿ ಯಾರಿಗಾದರೂ ಪೆಟ್ಟಾದರೆ ವಿಮೆಯವರು ಮೊದಲು ನೋಡುವುದು ಆರ್‌ಸಿಯಲ್ಲಿರುವ ಬಾಡಿಗೂ ರಸ್ತೆಯಲ್ಲಿರುವ ಬಾಡಿಗೂ ತಾಳೆಯಿದೆಯೆ ಎಂದು. ಮದುಮಕ್ಕಳನ್ನು ಕುದುರೆ ಸಾರೋಟಿನಲ್ಲಿ ಕಳಿಸಿ.

*

ಬರೆಯುವವರಲ್ಲಿ ಒಂದು ವಿನಂತಿ. ಕಾರಿನ ಹೊಳೆಯುವ ಫೋಟೊಗಳನ್ನು ಕಳಿಸಬೇಡಿ, ನನ್ನ ಹತ್ತಿರ ಸಾಕಷ್ಟಿವೆ. ಟೈಟಲ್ ಅಥವಾ ಆರ್‌ಸಿಯ ಎರಡೂ ಬದಿಯ ನಕಲು ಕಳಿಸಿ, ಹೆಸರು ಮತ್ತು ನಂಬರುಗಳನ್ನು ಮುಚ್ಚಿ.